ನಾಳಿನ ಎದುರಾಳಿ

ಬೆಳಿಗ್ಗೆ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಟೆನಿಸ್ ಕ್ರೀಡಾಂಗಣದ ಹಿಂಬದಿಯ ಅಭ್ಯಾಸದ ಅಂಕಣದಲ್ಲಿ ನಲವತ್ನಾಲ್ಕರ ಹೆಂಗಸೊಬ್ಬರು ಎಡಗೈಯಲ್ಲಿ ರ‍್ಯಾಕೆಟ್ ಹಿಡಿದು ಸರ್ವ್ ಮಾಡಲು ನಿಂತಿದ್ದಾರೆ. ಚೆಂಡನ್ನು ಏಳು ಸಲ ನೆಲಕ್ಕೆ ಬಡಿಯುತ್ತಾರೆ. ಇಲ್ಲದ ಉದ್ದ ಕೂದಲನ್ನು ಕಿವಿಯ ಹಿಂದೆ ಸರಿಸುತ್ತಾರೆ. ಆಮೇಲೆ ಎಸೆದು ಹೊಡೆಯುತ್ತಾರೆ. ಆ ಏಳು ಬಡಿತ, ಆ ಕೂದಲು ಸರಿಸುವ ಚಾಳಿ ಎರಡೂ ಬೇರೊಬ್ಬ ಆಟಗಾರ್ತಿಯವು. ನೆಟ್‌ನ ಆಚೆ ನಿಂತಿರುವ ಹತ್ತೊಂಬತ್ತರ ಹುಡುಗಿ ನಾಳೆ ಆ ಆಟಗಾರ್ತಿಯನ್ನು ಎದುರಿಸಬೇಕು.

“ಅಕ್ಕಾ, ಇದು ತೀರಾ ಜೋರಾಯ್ತು!” ಹುಡುಗಿ ಕೂಗುತ್ತಾಳೆ.

“ನಾಳೆ ಅವಳಿಗೂ ಹೀಗೇ ಹೇಳ್ತೀಯಾ? ಬಾ, ಇನ್ನೊಂದು.”

ಇಲ್ಲಿ ಎಲ್ಲರೂ ಇವರನ್ನು ‘ನಾಳೆ ಅಕ್ಕ’ ಎಂದೇ ಕರೆಯುತ್ತಾರೆ. ನಾಳಿನ ಎದುರಾಳಿ ಹೇಗೆ ಆಡುತ್ತಾಳೋ ಇವತ್ತೇ ಹಾಗೆ ಆಡಿ ತೋರಿಸುವುದು ಇವರ ಕೆಲಸ. ದಿನಕ್ಕೆ ಮೂವರು ಆಟಗಾರ್ತಿಯರು, ಹೆಚ್ಚು ಕಡಿಮೆ ಎರಡು ಸಾವಿರ ಚೆಂಡು. ನಡುನಡುವೆ ಮಂಡಿಗೆ ಇಪ್ಪತ್ತು ನಿಮಿಷ ಐಸು. ಐದಾರು ವಾರಕ್ಕೊಂದು ಜೊತೆ ಬೂಟು ಸವೆದು ಹೋಗುತ್ತದೆ.

ಅವರ ತಾಯಿ ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದವರು. ಅತಿಥಿಯೊಬ್ಬರು ಕೋಣೆಯಲ್ಲೇ ಬಿಟ್ಟುಹೋದ ಹಳೆಯ ರ‍್ಯಾಕೆಟ್ಟನ್ನು ಯಾರೂ ಕೇಳಿಕೊಂಡು ಬರಲಿಲ್ಲ. ಅದು ಒಂಬತ್ತು ವರ್ಷದ ಮಗಳ ಕೈಗೆ ಬಂತು. ಲಾಂಡ್ರಿಯ ಹಿಂದಿನ ಗೋಡೆಯೇ ಅವಳ ಮೊದಲ ಜೊತೆಗಾರ. “ಒಗೆದ ಬಿಳಿ ಬೆಡ್‌ಶೀಟ್ ಮೇಲೆ ಚೆಂಡು ಬಿದ್ರೆ ಬೈಗುಳದ ಮಳೆ. ಅದಕ್ಕೇ ಗೆರೆ ಒಳಗೆ ಹೊಡೆಯೋದು ಬೇಗ ಕಲಿತೆ,” ಎಂದು ನಗುತ್ತಾರೆ.

ಹದಿನೇಳಕ್ಕೆ ವೃತ್ತಿಪರ ಆಟಗಾರ್ತಿಯಾದರು. ಹನ್ನೊಂದು ವರ್ಷ ಬಸ್ಸು, ರೈಲು, ಹಂಚಿಕೊಂಡ ಕೋಣೆಗಳಲ್ಲೇ ಕಳೆಯಿತು. ಏರಿದ ಅತ್ಯುತ್ತಮ ಸ್ಥಾನ ವಿಶ್ವದಲ್ಲಿ ನೂರ ಎಂಬತ್ತೇಳು. ದೊಡ್ಡ ಟೂರ್ನಿಯೊಂದರ ಮೊದಲ ಸುತ್ತು ತಲುಪಿದ್ದು ಒಂದೇ ಒಂದು ಸಲ. ಆ ಪಂದ್ಯ ಐವತ್ತೆಂಟು ನಿಮಿಷದಲ್ಲಿ ಮುಗಿಯಿತು. “ಅಮ್ಮ ಟಿ.ವಿ. ಹಾಕಿ ಪಕ್ಕದ ಮನೆಯವರನ್ನೆಲ್ಲ ಕರ್ಕೊಂಡು ಬರೋಷ್ಟರಲ್ಲಿ ನಾನು ಕೈಕುಲುಕ್ತಾ ಇದ್ದೆ.”

ಇಪ್ಪತ್ತೆಂಟಕ್ಕೆ ಮಂಡಿ ತಿರುಗಿತು. ಎರಡು ಶಸ್ತ್ರಚಿಕಿತ್ಸೆಯಾದ ಮೇಲೆ ವೈದ್ಯರು ಹೇಳಿದ್ದು ಇಷ್ಟೇ: ಆಡಬಹುದು, ಪಂದ್ಯ ಆಡುವಂತಿಲ್ಲ. ಆ ವ್ಯತ್ಯಾಸ ಅರಗಲು ಅವರಿಗೆ ಬಹಳ ದಿನ ಬೇಕಾಯಿತು. ರ‍್ಯಾಕೆಟ್‌ಗಳನ್ನು ತಮ್ಮ ಒಡಹುಟ್ಟಿದ ಅಕ್ಕನ ಮನೆಯ ಅಟ್ಟಕ್ಕೆ ಸೇರಿಸಿ ಬೂಟಿನ ಅಂಗಡಿಗೆ ಕೆಲಸಕ್ಕೆ ಸೇರಿದರು. “ಜನ ನಡೆಯೋದು ನೋಡಿದ್ರೆ ಸಾಕು, ಇವರು ಯಾವ ಕಡೆ ತಿರುಗೋಕೆ ತಡ ಮಾಡ್ತಾರೆ ಅಂತ ಹೇಳಿಬಿಡ್ತಿದ್ದೆ. ಬೂಟು ಮಾರೋಕೆ ಮಾತ್ರ ಬರಲೇ ಇಲ್ಲ.”

ಒಂದು ದಿನ ಹಳೆಯ ಪರಿಚಯದ ತರಬೇತುದಾರರೊಬ್ಬರು ಅಂಗಡಿಗೆ ಬಂದರು. ಅವರ ಶಿಷ್ಯೆಗೆ ಮರುದಿನ ಎಡಗೈ ಆಟಗಾರ್ತಿಯ ಜೊತೆ ಪಂದ್ಯ. ಅಭ್ಯಾಸಕ್ಕೆ ಎಡಗೈಯವರು ಯಾರೂ ಸಿಕ್ಕಿರಲಿಲ್ಲ. “ಯಾರ ಜೊತೆ ಪಂದ್ಯ?” ಎಂದು ಕೇಳಿದರೆ, ಹಿಂದೆ ಇವರನ್ನು ಐವತ್ತೆಂಟು ನಿಮಿಷದಲ್ಲಿ ಮನೆಗೆ ಕಳಿಸಿದವಳೇ. ಅರ್ಧ ದಿನ ರಜೆ ಹಾಕಿ ಹೋದರು. ಆಕೆಯ ಪ್ರತಿ ಹೊಡೆತವೂ ಕೈಗೆ ತಾನಾಗಿ ಬಂತು. “ಗೆದ್ದೋರು ಮರೀತಾರೆ. ಸೋತ ನನಗೆ ಒಂದೊಂದು ಚೆಂಡೂ ನೆನಪಿತ್ತು.” ಮರುದಿನ ಶಿಷ್ಯೆ ಗೆದ್ದಳು. ಅಂಗಡಿಯವರಿಗೆ ಬೇರೆ ಕೆಲಸದವರನ್ನು ನೋಡಿಕೊಳ್ಳಲು ಹೇಳಿದ್ದಾಯಿತು. ಅಲ್ಲಿಂದ ಹದಿನಾಲ್ಕು ವರ್ಷ.

ಮಧ್ಯಾಹ್ನದ ಹೊತ್ತು ವಿಡಿಯೊ ನೋಡಿ ಟಿಪ್ಪಣಿ ಬರೆಯುತ್ತಾರೆ. ಪುಸ್ತಕ ತೆರೆದು, ಅವರ ಬಗ್ಗೆ ಬರೆಯಲು ಬಂದಿರುವ ನನಗೂ ತೋರಿಸುತ್ತಾರೆ: ‘ಸಿಟ್ಟು ಬಂದರೆ ಅಡ್ಡ ಹೊಡೆಯುತ್ತಾಳೆ’, ‘ಹೆದರಿದಾಗ ಟವೆಲ್ ಹತ್ತಿರ ಹೋಗುತ್ತಾಳೆ’.

ಕಳೆದ ವರ್ಷ ಒಮ್ಮೆ ಲೆಕ್ಕ ತಪ್ಪಿತು. ಫೈನಲ್‌ನಲ್ಲಿ ಎದುರಾಳಿ ತನ್ನ ಸರ್ವ್‌ನ ದಿಕ್ಕನ್ನೇ ಬದಲಿಸಿಬಿಟ್ಟಳು. ಇವರು ಸಿದ್ಧಪಡಿಸಿದ ಹುಡುಗಿ ಮೂರು ಸೆಟ್ ಹೋರಾಡಿ ಸೋತಳು. “ಮೈಮೇಲೆ ಬಿಸಿನೀರು ಸುರಿದ ಹಾಗಾಯ್ತು. ನಾನು ತೋರಿಸಿಕೊಟ್ಟಿದ್ದೇ ತಪ್ಪು ದಾರಿ ಅಲ್ವಾ?” ಬಟ್ಟೆ ಬದಲಿಸುವ ಕೋಣೆಗೆ ಹೋಗಿ ನೇರವಾಗಿ ಹೇಳಿದರು: “ತಪ್ಪು ನಂದು ಕಣೇ.” ಹುಡುಗಿ ಬೂಟಿನ ಲೇಸು ಬಿಚ್ಚುತ್ತಾ ತಲೆ ಎತ್ತಿದಳು. “ಸುಮ್ನಿರಿ ಅಕ್ಕಾ. ನೀವು ಅವಳಿಗಿಂತ ಕಷ್ಟ ಕೊಟ್ಟಿದ್ರಿ. ಅದಕ್ಕೇ ಮೂರನೇ ಸೆಟ್‌ವರೆಗೂ ನಿಂತೆ.” ಇದನ್ನು ಹೇಳುವಾಗ ಅವರು ಮಂಡಿಯ ಪಟ್ಟಿಯನ್ನು ಬಿಚ್ಚಿ ಮತ್ತೆ ಕಟ್ಟುತ್ತಾರೆ.

ಎಪ್ಪತ್ತೊಂದರ ತಾಯಿ ಮಗಳ ಕೆಲಸ ನೋಡಲು ಬಂದದ್ದು ಒಂದೇ ಸಲ. ಬೆಂಚಿನ ಮೇಲೆ ಕುಳಿತು ಎರಡು ಗಂಟೆ ನೋಡಿ, “ಅವಳು ಎಡವೋ ಕಡೆಗೇ ಚೆಂಡು ಹಾಕ್ತೀಯಲ್ಲ, ಪಾಪ ಅನ್ಸಲ್ವಾ ನಿಂಗೆ?” ಎಂದರಂತೆ. “ಅದಕ್ಕೇ ಅಮ್ಮಾ, ಇವರೆಲ್ಲ ನನ್ನನ್ನ ಕರೆಸೋದು” ಎಂದು ಮಗಳು ಹೇಳಿದರೂ ತಾಯಿಗೆ ಸಮಾಧಾನವಾಗಲಿಲ್ಲ. ಹೊರಡುವಾಗ ಅಂದು ಅಭ್ಯಾಸಕ್ಕೆ ಬಂದಿದ್ದ ಹುಡುಗಿಯ ಬೆನ್ನು ಸವರಿಯೇ ಹೋದರು.

ಮೂರು ದಿನ ಅವರ ಹಿಂದೆಯೇ ಸುತ್ತಿದ್ದೇನೆ. ಅಷ್ಟರಲ್ಲಿ ಅವರು ಒಂಬತ್ತು ಜನರಾಗಿ ಆಡಿದ್ದನ್ನು ಕಂಡಿದ್ದೇನೆ. ಕೊನೆಗೆ ತಡೆಯಲಾರದೆ ಕೇಳುತ್ತೇನೆ: “ನಿಮ್ಮ ಸ್ವಂತ ಆಟ ಹೇಗಿತ್ತು?”

ಅವರು ರ‍್ಯಾಕೆಟ್‌ನ ತಂತಿಗಳನ್ನು ಬೆರಳಿಂದ ನೇರ ಮಾಡುತ್ತಾ ಯೋಚಿಸುತ್ತಾರೆ.

“ಒಂದು ಬೆಳಿಗ್ಗೆ ಯಾರಾದ್ರೂ ಬಂದು, ‘ಅಕ್ಕಾ, ಇವತ್ತು ನೀವು ನಿಮ್ಮ ಥರಾನೇ ಆಡಿ’ ಅನ್ಬೇಕು. ಅದೊಂದೇ ಆಸೆ. ಒಂದು ಸೆಟ್ ಸಾಕು. ಮಂಡಿ ಅಷ್ಟು ತಡ್ಕೊಳ್ಳತ್ತೆ. ಗೆಲ್ಲಲೇಬೇಕು ಅಂತೇನಿಲ್ಲ.”

ಎದ್ದು ಅಂಕಣದ ಕಡೆ ಎರಡು ಹೆಜ್ಜೆ ಹಾಕಿ, ತಿರುಗಿ ನಿಲ್ಲುತ್ತಾರೆ.

“ಗೆಲ್ತೀನಿ ಅನ್ಸತ್ತೆ.”