ಗಿಬೊಮ್‌ನ ಮಂಡಿನೋವು

ಸಿಯೋಲ್‌ನ ದೊಡ್ಡ ಹೋಟೆಲಿಗೆ ಪ್ರತಿ ಭಾನುವಾರ ಹೆಣ್ಣು ನೋಡಲು ಗಿಬೊಮ್ ಬಂದನೆಂದರೆ, ಮೊದಲು ಮೇಜಿನ ಮೇಲೆ ಕೂರುವುದು ಜರ್ಮನ್ ಕಾರಿನ ಕೀ, ಆಮೇಲೆ ವಾಚು ಕಟ್ಟಿದ ಕೈ, ಕೊನೆಗೆ ಕುರ್ಚಿಯಲ್ಲಿ ಅವನು. ಅರ್ಧ ಸಂಬಳವನ್ನು ಕಾರಿನ ಕಂತಿಗೆ ಸುರಿದು, ವಾರವಿಡೀ ನೆಲಮಾಳಿಗೆಯ ಕೋಣೆಯಲ್ಲಿ ಪೊಟ್ಟಣದ ನೂಡಲ್ಸ್ ತಿನ್ನುವ ಇವನು ಇಲ್ಲಿ ಮಾತ್ರ ಕಾಫಿಯನ್ನು ಅರ್ಧಕ್ಕೇ ಬಿಡುತ್ತಾನೆ. ಪೂರ್ತಿ ಕುಡಿದರೆ ಬಡವನೆಂದುಕೊಂಡಾರು ಎಂಬ ಅಳುಕು. ಕೂತಲ್ಲಿ ಕೂರಲಾರ. ಕೀಯನ್ನು ಹುಡುಗಿಯ ಕಡೆಗೆ ತಿರುಗಿಸುತ್ತಾನೆ, ವಾಚು ಕಾಣಲೆಂದು ಅಂಗಿಯ ತೋಳು ಮೇಲೆ ಸರಿಸುತ್ತಾನೆ, ಕಿಟಕಿಯ ಗಾಜಿನಲ್ಲಿ ಕ್ರಾಪು ನೋಡಿಕೊಳ್ಳುತ್ತಾನೆ. ನೆಲದ ಮೇಲೆ ಕೂತು ಉಣ್ಣುವ ಜಾಗಕ್ಕೆ ಯಾರೇ ಕರೆದರೂ "ಮಂಡಿನೋವು ಕಣ್ರೀ" ಎನ್ನುತ್ತಾನೆ. ಅಲ್ಲಿ ಬೂಟು ಬಿಚ್ಚಬೇಕು. ಬಿಚ್ಚಿದರೆ ಒಳಗಿನ ದಪ್ಪ ಅಟ್ಟೆ ಬೂಟಿನಲ್ಲೇ ಉಳಿದು, ಗಿಬೊಮ್ ಮೂರು ಬೆರಳು ಕುಳ್ಳಗಾಗುತ್ತಾನೆ. ಈ ಸಲ ಬಂದ ಯೊಂಜು ಕೀ ಕಡೆ ನೋಡಲೇ ಇಲ್ಲ, ಅವನ ಮಾತಿಗೆ ಮನಸಾರೆ ನಕ್ಕಳು. ತನ್ನ ಕಾಫಿ ಪೂರ್ತಿ ಮುಗಿದದ್ದು ಅವನಿಗೆ ಗೊತ್ತೇ ಆಗಲಿಲ್ಲ. ಆಮೇಲೆ ಅವಳೇ ಪಕ್ಕದ ಬೀದಿಯ ಕೋಳಿಸಾರಿನ ಅಂಗಡಿಗೆ ಕರೆದೊಯ್ದಳು. ಬಾಗಿಲಲ್ಲಿ ಸಾಲಾಗಿ ಬಿಟ್ಟಿದ್ದ ಚಪ್ಪಲಿಗಳನ್ನು ಕಂಡು ಗಿಬೊಮ್ ನಿಂತುಬಿಟ್ಟ. "ನಂಗೆ ಮಂಡಿ..." ಎಂದು ರಾಗ ಎಳೆದ. "ಅಯ್ಯೋ, ಬನ್ರೀ! ಸಂಬಂಧ ತಂದ ನಮ್ಮತ್ತೆ ನೀವು ಕುಳ್ಳು ಅಂತ ಮೊದ್ಲೇ ಹೇಳಿದ್ರು. ಅದಕ್ಕೇ ಹೈಹೀಲ್ಸ್ ಬಿಟ್ಟು ಈ ಚಪ್ಪಟೆ ಚಪ್ಪಲಿ ಹಾಕ್ಕೊಂಡ್ ಬಂದಿದೀನಿ" ಎಂದು ಯೊಂಜು ಅದನ್ನೂ ಕಳಚಿ, ಒಳಗಿನಿಂದ ಕೈಚಾಚಿದಳು. "ನಿಜವಾಗ್ಲೂ ನೋವು ರೀ" ಎಂದ ಗಿಬೊಮ್, ಅವಳು ನೋಡುತ್ತಿದ್ದರೂ ನೋಡುತ್ತಿರಬಹುದೆಂದು, ನೆಟ್ಟಗಿದ್ದ ಕಾಲನ್ನು ಎಳೆಯುತ್ತ ಕಾರಿನವರೆಗೂ ಕುಂಟಿಕೊಂಡೇ ಹೋದ.