ಆರಾಮಕ್ಕೊಂದು ಅಂಕ

ತುಮಕೂರು ರಸ್ತೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ನಾಲ್ಕು ವರ್ಷ ಸಂಶೋಧನೆ ಮಾಡಿದೆ. ಹಾಗೆಂದು ನಮ್ಮೂರು ಮಾಕಳಿಯಲ್ಲಿ ನಮ್ಮಮ್ಮ ಹೇಳಿಕೊಂಡು ತಿರುಗುತ್ತಿದ್ದಳು. ನಿಜಕ್ಕೂ ನಾನು ಮಾಡುತ್ತಿದ್ದದ್ದು ಫಾರಂ ತುಂಬುವ ಕೆಲಸ. ಪೀಣ್ಯದ ಕಡೆ ಮೆಟ್ರೋ ಕಂಬಗಳು ಏಳುತ್ತಿದ್ದ ವರ್ಷಗಳು ಅವು. ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ಕೂತಿದ್ದವಳಿಗೆ ಬಿಳಿ ಕೋಟು, ಕುತ್ತಿಗೆಗೊಂದು ಗುರುತಿನ ಚೀಟಿ ಸಿಕ್ಕಿದ್ದೇ ದೊಡ್ಡದಾಗಿತ್ತು.

ಮೆದುಳಿನ ಸುತ್ತ ರಕ್ತ ಸೋರಿದವರ ಮೇಲೆ ಒಂದು ಗುಳಿಗೆಯನ್ನು ಪರೀಕ್ಷಿಸುವ ಅಧ್ಯಯನ ಅಲ್ಲಿ ನಡೆಯುತ್ತಿತ್ತು. ಕೆಲವರ ತಲೆಯೊಳಗಿನ ರಕ್ತನಾಳದಲ್ಲಿ ಸಣ್ಣ ಗುಳ್ಳೆಯೊಂದು ಎದ್ದಿರುತ್ತದೆ. ಯಾವತ್ತೋ ಒಂದು ದಿನ ಅದು ಒಡೆಯುತ್ತದೆ. ಶಸ್ತ್ರಚಿಕಿತ್ಸೆಯಾಗಿ ಬದುಕಿದವರಿಗೂ ಮುಂದಿನ ಎರಡು ವಾರ ರಕ್ತನಾಳಗಳು ಬಿಗಿದುಕೊಂಡು ಮತ್ತೆ ಅಪಾಯ ತರಬಹುದು. ಆ ಬಿಗಿತವನ್ನು ಗುಳಿಗೆ ತಡೆಯುತ್ತದೆಯೋ ಇಲ್ಲವೋ ಎಂಬುದು ಪ್ರಶ್ನೆ. ಒಳ್ಳೆಯ ಪ್ರಶ್ನೆಯೇ. ಉತ್ತರ ಹುಡುಕಿದ ರೀತಿಗೆ ಮಾತ್ರ ನನಗೆ ಇವತ್ತಿಗೂ ಛೀ ಅನ್ನಿಸುತ್ತದೆ. ಆ ಛೀಯಲ್ಲಿ ನನಗೂ ಪಾಲಿದೆ.

ಆರು ತಿಂಗಳಾದಾಗ ಒಮ್ಮೆ, ವರ್ಷ ತುಂಬಿದಾಗ ಇನ್ನೊಮ್ಮೆ ರೋಗಿಗೆ ಅಂಕ ಕೊಡಬೇಕಿತ್ತು. ಸೊನ್ನೆ ಎಂದರೆ ಏನೂ ತೊಂದರೆಯಿಲ್ಲ. ಒಂದು ಎಂದರೆ ಸಣ್ಣಪುಟ್ಟ ತೊಂದರೆ ಉಳಿದಿದ್ದರೂ ಮೊದಲಿನ ಕೆಲಸವನ್ನೆಲ್ಲ ಮಾಡಬಲ್ಲರು. ಮೂರು ಎಂದರೆ ನಡೆದಾಡುತ್ತಾರೆ, ಆದರೆ ದಿನ ಕಳೆಯಲು ಇನ್ನೊಬ್ಬರ ನೆರವು ಬೇಕು. ಸತ್ತವರಿಗೆ ಆರು. ಮೂರಕ್ಕಿಂತ ಕಡಿಮೆ ಇದ್ದವರೆಲ್ಲ ‘ಒಳ್ಳೆಯ ಫಲಿತಾಂಶ’ದ ಲೆಕ್ಕಕ್ಕೆ ಸೇರುತ್ತಿದ್ದರು. ನಾನು ಫೋನು ಮಾಡಿ, “ಹೇಗಿದೀರಾ?” ಎನ್ನುತ್ತಿದ್ದೆ. ಆ ಕಡೆಯವರು “ಆರಾಮ” ಎನ್ನುತ್ತಿದ್ದರು. ನಾನು ಒಂದು ಎಂದು ಬರೆಯುತ್ತಿದ್ದೆ. ಸ್ಮಶಾನದಿಂದ ಈಗಷ್ಟೇ ವಾಪಸು ಬಂದವನೂ ಹೇಗಿದ್ದೀಯ ಎಂದರೆ ಆರಾಮ ಎನ್ನುವ ನಾಡು ನಮ್ಮದು. ಇದು ನನಗೆ ತಿಳಿಯದ ಸಂಗತಿಯಲ್ಲ. ಆದರೂ ಬರೆದೆ, ಎರಡು ವರ್ಷ.

ಹಾಗಿರುವಾಗ ಬಾಗಲಗುಂಟೆಯ ಹೆಂಗಸೊಬ್ಬಳು ಬಂದಳು. ನಲವತ್ತರ ಆಸುಪಾಸು, ಬಾಗಲಕೋಟೆ ಕಡೆಯವಳು. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಹತ್ತು ವರ್ಷದಿಂದ ಮೋಟಾರ್ ವೈಂಡಿಂಗ್ ಮಾಡುತ್ತಿದ್ದಳು. ತಾಮ್ರದ ತಂತಿಯ ಸುರುಳಿಗಳನ್ನು ಮೋಟಾರಿನ ಸಂದುಗಳಿಗೆ ಕ್ರಮ ತಪ್ಪದಂತೆ ಕೂರಿಸುವ ಕೆಲಸ. ಒಂದು ಸುರುಳಿ ಪಕ್ಕದ ಸಂದಿಗೆ ಹೋದರೂ ಮೋಟಾರು ಸುಟ್ಟಿತೆಂದೇ ಲೆಕ್ಕ. ಹೊಸದಾಗಿ ಸೇರಿದವರಿಗೆಲ್ಲ ಕಲಿಸುತ್ತಿದ್ದವಳು ಅವಳೇ. ಒಂದು ಬೆಳಿಗ್ಗೆ ಕೆಲಸ ಮಾಡುತ್ತಿರುವಾಗಲೇ ತಲೆ ಸಿಡಿದಂತಾಗಿ ವಾಂತಿ ಮಾಡಿಕೊಂಡಳು. ಕಾರ್ಖಾನೆಯವರು ಕಳಿಸಿದ ಕ್ಲಿನಿಕ್ಕಿನ ಡಾಕ್ಟರು ಅವಳ ಕಡೆ ಕತ್ತೂ ಎತ್ತದೆ, “ಗ್ಯಾಸು. ತಿಂಡಿ ತಿಂದಿರಲ್ಲ ನೀವೆಲ್ಲ” ಎಂದು ಚೀಟಿ ಬರೆದರು. ಮೂರನೆಯ ದಿನ ಅವಳು ಬಚ್ಚಲಲ್ಲಿ ಬಿದ್ದಳು. ಗಂಡ ಆಟೋದಲ್ಲಿ ಹಾಕಿಕೊಂಡು ನಮ್ಮಲ್ಲಿಗೆ ತಂದ. ಸ್ಕ್ಯಾನಿನಲ್ಲಿ ಮೆದುಳಿನ ಸುತ್ತ ರಕ್ತ ಬೆಳ್ಳಗೆ ಹರಡಿತ್ತು.

ಅವಳ ಗಂಡನಿಂದ ಒಪ್ಪಿಗೆ ಸಹಿ ತೆಗೆದುಕೊಳ್ಳುವುದು ನನ್ನ ಕೆಲಸ. ಹದಿನೆಂಟು ಪುಟದ ಒಪ್ಪಿಗೆ ಪತ್ರ. ಯಾರೋ ಇಂಗ್ಲಿಷಿನಿಂದ ಕನ್ನಡಕ್ಕೆ ಎಳೆದು ತಂದಿದ್ದರು. ಯಾರಿಗೆ ಯಾವ ಗುಳಿಗೆ ಎಂದು ಚೀಟಿ ಎತ್ತಿದಂತೆ ನಿರ್ಧರಿಸುವುದಕ್ಕೆ ‘ಯಾದೃಚ್ಛಿಕೀಕರಣ’ ಎಂಬ ಪದ ಒಂದೇ ಪುಟದಲ್ಲಿ ಮೂರು ಸಲವಿತ್ತು. ಬರೆದವನಿಗಾದರೂ ಅದನ್ನು ಒಂದೇ ಉಸಿರಿಗೆ ಹೇಳಲು ಬರುತ್ತಿತ್ತೋ ಇಲ್ಲವೋ. ಆತ ಐಸಿಯು ಬಾಗಿಲ ಮುಂದೆ ನಿಂತು ಪುಟ ತಿರುವಿ, “ಇದರಾಗ ಏನೈತ್ರಿ ಅಕ್ಕಾರ?” ಎಂದ.

“ಒಂದು ಗುಳಿಗೆ ಕೊಡ್ತೀವಿ ಅಣ್ಣ. ಅದು ಔಷಧಿನೂ ಆಗಿರಬಹುದು, ಏನೂ ಇಲ್ಲದ ಖಾಲಿ ಗುಳಿಗೆನೂ ಆಗಿರಬಹುದು. ಯಾವುದು ಅಂತ ನಮಗೂ ಗೊತ್ತಿರಲ್ಲ.”

“ನಿಮಗ ಗೊತ್ತಿಲ್ಲಂದ್ರ ನನ್ನ ಯಾಕ ಕೇಳ್ತೀರಿ?” ಎಂದವನು ನಾನು ತೋರಿಸಿದ ಕಡೆಯೆಲ್ಲ ಸಹಿ ಹಾಕಿದ. ಅವನ ಕಣ್ಣೆಲ್ಲ ಬಾಗಿಲ ಕಡೆಗೇ ಇತ್ತು.

ಶಸ್ತ್ರಚಿಕಿತ್ಸೆ ಮಾಡಿದವರು ನಮ್ಮ ವಿಭಾಗದ ಮುಖ್ಯಸ್ಥರು. ಅವರ ಕೈಯನ್ನು ನಾನು ಹಳಿಯುವುದಿಲ್ಲ. ಆರು ಗಂಟೆ ನಿಂತು, ಒಡೆದ ಗುಳ್ಳೆಯ ಬುಡಕ್ಕೆ ಕ್ಲಿಪ್ಪು ಹಾಕಿ ಅವಳನ್ನು ಉಳಿಸಿದರು. ಆ ಕೈಯಿಂದ ಚಾಕು ಕೆಳಗಿಟ್ಟು ಪೆನ್ನು ಹಿಡಿದ ಮೇಲೆ ಆಗುತ್ತಿದ್ದದ್ದೇ ಬೇರೆ. ವರ್ಷಕ್ಕೆ ಇಷ್ಟು ರೋಗಿಗಳು, ಇಷ್ಟು ಲೇಖನಗಳು, ಇಷ್ಟು ವಿದೇಶ ಪ್ರವಾಸಗಳು ಎಂಬುದು ಅವರ ಸಂಶೋಧನೆಯ ವ್ಯಾಖ್ಯಾನವಾಗಿತ್ತು. ಗುಣವಾದ ರೋಗಿಯ ಮುಖ ಅವರಿಗೆ ನೆನಪಿರುತ್ತಿರಲಿಲ್ಲ, ಸ್ಕ್ಯಾನು ನೆನಪಿರುತ್ತಿತ್ತು.

ಆರು ತಿಂಗಳಿಗೆ ನಾನು ಫೋನು ಮಾಡಿದೆ. ಗಂಡ ಎತ್ತಿಕೊಂಡು “ಆರಾಮ ಅದಾಳ್ರಿ” ಎಂದ. ನಾನು ಒಂದು ಎಂದು ಬರೆದೆ.

ಅದಾಗಿ ಕೆಲವೇ ವಾರಕ್ಕೆ ವೈಟ್‌ಫೀಲ್ಡಿನ ಒಂದು ದೊಡ್ಡ ಹೋಟೆಲಿನಲ್ಲಿ ವೈದ್ಯರ ಸಮ್ಮೇಳನ ನಡೆಯಿತು. ಹೊರದೇಶದ ನಾಲ್ಕೈದು ಜನ ಬರುವವರಿದ್ದರು. ಗುಣವಾದ ಒಬ್ಬ ರೋಗಿಯನ್ನು ವೇದಿಕೆಗೆ ಹತ್ತಿಸಬೇಕು ಎಂದು ಮುಖ್ಯಸ್ಥರಿಗೆ ಹೊಳೆಯಿತು. ನನ್ನ ಪಟ್ಟಿಯಿಂದ ಅವಳನ್ನೇ ಆರಿಸಿದರು. ತಲೆ ಕೊಯ್ಸಿಕೊಂಡ ಹೆಂಗಸನ್ನು ಊರಿನ ಈ ತುದಿಯಿಂದ ಆ ತುದಿಗೆ ಕರೆಸಲು ಯಾರಿಗೂ ಒಂದು ಕಾರು ಹೊಳೆಯಲಿಲ್ಲ. ಗಂಡ ಹೆಂಡತಿ ಮೂರು ಬಸ್ಸು ಬದಲಿಸಿ ಬಂದರು. ಅವಳು ಇಳಕಲ್ ಸೀರೆ ಉಟ್ಟು, ಗಾಯದ ಗುರುತು ಕಾಣದಂತೆ ಸೆರಗು ಹೊದ್ದಿದ್ದಳು. ಗಂಡ ಅವಳ ಮುಂಗೈ ಬಿಟ್ಟಿರಲಿಲ್ಲ. ಅದು ಭಯಕ್ಕಿರಬಹುದು ಎಂದುಕೊಂಡೆ.

ವೇದಿಕೆಯ ಪರದೆಯ ಮೇಲೆ ಅವಳ ಮೆದುಳು ಗೋಡೆಯಷ್ಟು ಅಗಲಕ್ಕೆ ಕಾಣುತ್ತಿತ್ತು. ಅವಳು ಅದನ್ನು ನೋಡಿದಳು. ಅದು ತನ್ನದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

“ಹೇಳಮ್ಮ, ಈಗ ಹೇಗಿದೀಯಾ?” ಎಂದು ಮುಖ್ಯಸ್ಥರು ಮೈಕು ಹಿಡಿದರು.

“ಆರಾಮ ಅದೀನ್ರಿ.”

ಚಪ್ಪಾಳೆ ಬಿತ್ತು. ಅವರು ಮೈಕು ಹಿಂದಕ್ಕೆ ತೆಗೆದುಕೊಳ್ಳಲು ಹೋದರೆ ಅವಳು ಬಿಡಲಿಲ್ಲ.

“ಆದ್ರ ಸರ, ಒಂದು ಮಾತು ಕೇಳಬೇಕಿತ್ರಿ. ನಾ ವೈಂಡಿಂಗ್ ಮಾಡ್ತಿದ್ದೆ. ಈಗ ಯಾವ ಸುರುಳಿ ಎಲ್ಲಿ ಹಾಕಬೇಕನ್ನೂದು ತೆಲಿಯಾಗ ನಿಲ್ಲವಲ್ದು. ಕೆಲಸದಿಂದ ತೆಗದಾರ. ಅನ್ನ ಹೊತ್ತಿದ್ರ ವಾಸನಿ ಬರವಲ್ದು. ಬಸ್ಸಿನ್ಯಾಗಿಂದ ಇಳದ್ರ ಮನಿ ಯಾವ ದಿಕ್ಕಿಗೆ ಅಂತ ಮರೀತೀನಿ. ಇದು ಯಾವಾಗ ಹೋಗ್ತೈತ್ರಿ ಸರ?”

ಸಭೆಯ ಮುಂದಿನ ಸಾಲಿನ ವಿದೇಶಿಯೊಬ್ಬರು ಏನು ಹೇಳಿದಳೆಂದು ಕೇಳಿದರು. ಮುಖ್ಯಸ್ಥರು ನಕ್ಕು, “ತನಗೆ ಮರುಜನ್ಮ ಸಿಕ್ಕಿತು, ಎಲ್ಲರಿಗೂ ವಂದನೆ ಎನ್ನುತ್ತಿದ್ದಾಳೆ” ಎಂದು ಇಂಗ್ಲಿಷಿನಲ್ಲಿ ಹೇಳಿದರು. ಇನ್ನೊಮ್ಮೆ ಚಪ್ಪಾಳೆ. ಸಭೆಯಲ್ಲಿದ್ದ ಕನ್ನಡದ ಡಾಕ್ಟರುಗಳೂ ತಟ್ಟಿದರು. ಅವಳ ಹೆಗಲಿಗೆ ಶಾಲು ಹೊದಿಸಿದರು. ಉತ್ತರ ಬರುತ್ತದೆಂದು ಅವಳು ಅಲ್ಲೇ ನಿಂತಿದ್ದಳು. ನಾನೇ ಹೋಗಿ ಕೆಳಗಿಳಿಸಿ ಕರೆತಂದೆ.

“ಯಾಕ್ರೀ, ಸರಗ ಕೇಳಿಸಲಿಲ್ಲೇನು?” ಎಂದು ಕೇಳಿದಳು. ನಾನು ಊಟದ ಕೌಂಟರಿನ ಕಡೆ ಕೈ ತೋರಿಸಿದೆ. ಅಷ್ಟೇ ನನ್ನ ಶೌರ್ಯ.

ವರ್ಷ ತುಂಬಿದಾಗ ನಾನು ಫೋನು ಮಾಡಲಿಲ್ಲ, ಬಾಗಲಗುಂಟೆಗೆ ಹೋದೆ. ವಠಾರದ ಎರಡನೆಯ ಮನೆ. ಅರ್ಧ ದಿನ ಅವಳ ಜೊತೆ ಕೂತೆ. ಒಲೆ ಹಚ್ಚಿದರೆ ಪಕ್ಕದ ಮನೆಯ ಹೆಂಗಸು ಬಂದು ನೋಡುತ್ತಿರಬೇಕಿತ್ತು. ತರಕಾರಿಗೆ ಹೊರಟರೂ ಆ ಹೆಂಗಸೇ ಜೊತೆಗೆ. ಗಂಡ ಪಾಳಿ ಬದಲಿಸಿಕೊಂಡು ಮಧ್ಯಾಹ್ನಕ್ಕೆಲ್ಲ ಮನೆಗೆ ಬರುತ್ತಿದ್ದ. ನನ್ನನ್ನು ಅವಳು ಎರಡು ಸಲ, “ನೀವು ಯಾವ ಊರವ್ರೀ?” ಎಂದು ಕೇಳಿದಳು. ಎರಡನೆಯ ಸಲವೂ ಮೊದಲನೆಯ ಸಲದ ಹಾಗೇ ಪ್ರೀತಿಯಿಂದ ಕೇಳಿದಳು. ಅಲ್ಲೇ ಫಾರಂ ತೆಗೆದು ಮೂರು ಎಂದು ಬರೆದೆ. ಷರಾ ಕಾಲಂನಲ್ಲಿ ಕಂಡದ್ದನ್ನೆಲ್ಲ ಬರೆದೆ. ಜಾಗ ಸಾಲದೆ ಹಿಂದಿನ ಪುಟಕ್ಕೂ ಹೋಯಿತು.

ನಮ್ಮ ಫಾರಂಗಳನ್ನು ಪರಿಶೀಲಿಸುವ ಕಂಪನಿ ಎಲೆಕ್ಟ್ರಾನಿಕ್ ಸಿಟಿಯಲ್ಲಿತ್ತು. ಅಲ್ಲಿಯವರು ರೋಗಿಯ ಮುಖವನ್ನೇ ಕಂಡವರಲ್ಲ. ದಿನಾಂಕ ತಿದ್ದಿದ್ದರೆ, ಇಂಕಿನ ಬಣ್ಣ ಬದಲಾಗಿದ್ದರೆ ಮಾತ್ರ ಅವರ ಪ್ರಾಣ ಹೋಗುತ್ತಿತ್ತು. ಆರು ತಿಂಗಳಿಗೆ ಒಂದು ಇದ್ದದ್ದು ವರ್ಷಕ್ಕೆ ಮೂರು ಹೇಗಾಯಿತು, ದೃಢಪಡಿಸಿ ಎಂದು ಪತ್ರ ಬಂತು. ಮುಖ್ಯಸ್ಥರು ನನ್ನನ್ನು ಕರೆಸಿದರು.

“ಏನ್ರೀ ಇದು? ವೈಟ್‌ಫೀಲ್ಡಿಗೆ ಅವಳು ನಡ್ಕೊಂಡು ಬಂದಿದ್ಲಲ್ಲ?”

“ಗಂಡ ಕೈ ಹಿಡ್ಕೊಂಡು ಕರ್ಕೊಂಡ್ ಬಂದಿದ್ರು ಸಾರ್. ತಪ್ಪಾಗಿದ್ದು ಆರು ತಿಂಗಳದ್ದು. ಫೋನಲ್ಲಿ ಕೇಳಿ ಬರ್ದಿದ್ದೆ. ಅದೂ ಮೂರೇ ಇರ್ಬೇಕಿತ್ತು.”

ಅವರು ಮೇಜಿನ ಫೋನಿನಲ್ಲೇ ಗಂಡನಿಗೆ ಹಚ್ಚಿ ಸ್ಪೀಕರ್ ಒತ್ತಿದರು. “ಮನೆಯವರು ಹೇಗಿದ್ದಾರಪ್ಪ?”

ಆ ಕಡೆ ಯಂತ್ರಗಳ ಸದ್ದು. ಅದರ ನಡುವಿನಿಂದ, “ಆರಾಮ ಅದಾಳ್ರಿ ಸರ, ನಿಮ್ಮ ಪುಣ್ಯಾ” ಎಂಬ ದನಿ.

“ಕೇಳಿಸ್ತಾ?” ಎಂದು ಮುಖ್ಯಸ್ಥರು ಫೋನು ಇಟ್ಟು, ಮೂರನ್ನು ಹೊಡೆದುಹಾಕಿ ಒಂದು ಎಂದು ಬರೆದರು. “ಇದು ವಿಜ್ಞಾನ ಕಣ್ರೀ. ವಠಾರದಲ್ಲಿ ಕೂತು ಕಥೆ ಕೇಳ್ಕೊಂಡು ಬರೋದಲ್ಲ. ಸೈನ್ ಮಾಡಿ.”

“ಮಾಡಲ್ಲ ಸಾರ್.”

ಅವರು ಕೂಗಲಿಲ್ಲ, ಗದರಲಿಲ್ಲ. ನೊಣ ಓಡಿಸುವಂತೆ ಕೈಯಾಡಿಸಿದರು. ನನ್ನ ಜಾಗದಲ್ಲಿ ಬೇರೆಯವರ ಸಹಿ ಬಿತ್ತು. ನಾನು ಆಸ್ಪತ್ರೆಯ ನೀತಿ ಸಮಿತಿಗೆ ಎರಡು ಪುಟದ ಪತ್ರ ಕೊಟ್ಟೆ. ರೋಗಿಗಳಿಗೆ ಅನ್ಯಾಯವಾಗದಂತೆ ನೋಡಿಕೊಳ್ಳಬೇಕಾದ ಸಮಿತಿ ಅದು. ‘ತಮ್ಮ ಪತ್ರವನ್ನು ಗಮನಿಸಲಾಗಿದೆ’ ಎಂಬ ಒಂದು ಸಾಲಿನ ಉತ್ತರ ಬಂತು, ಕೆಳಗೆ ಮೊಹರು. ಆ ತಿಂಗಳೇ ಕೆಲಸ ಬಿಟ್ಟೆ. ನೆಲಮಂಗಲದ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆಯ ಕೆಲಸ ಸಿಕ್ಕಿತು. ಅಲ್ಲಿನ ಯಂತ್ರಗಳಿಗೆ ಆರಾಮ ಎನ್ನಲು ಬರುವುದಿಲ್ಲ.

ಆಮೇಲೆ ಹಳೆಯ ಸಹೋದ್ಯೋಗಿಯೊಬ್ಬಳಿಂದ ಸುದ್ದಿ ಬಂತು. ಗುಳಿಗೆಯ ಕಂಪನಿ ಆಸಕ್ತಿ ಕಳೆದುಕೊಂಡು ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಿತ್ತು. ನಾವು ತುಂಬಿದ ಫಾರಂಗಳು ರಟ್ಟಿನ ಡಬ್ಬಗಳಲ್ಲಿ ಗೋದಾಮು ಸೇರಿದ್ದವು. ರೋಗಿಗಳಿಗೆ ಯಾರೂ ತಿಳಿಸಿರಲಿಲ್ಲ. ತಿಳಿಸಬೇಕೆಂದು ಆ ಹದಿನೆಂಟು ಪುಟಗಳಲ್ಲಿ ಒಂದು ಕಡೆ ಇತ್ತು.

ಒಂದು ಭಾನುವಾರ ನಾನೇ ಬಾಗಲಗುಂಟೆಗೆ ಹೋದೆ. ಅವಳು ಬಾಗಿಲ ಒಳಗೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಪಕ್ಕದ ಮನೆಯ ಹೆಂಗಸು ಪೀಣ್ಯದ ಒಂದು ಖಾನಾವಳಿಗೆ ರೊಟ್ಟಿ ಮಾಡಿಕೊಡುತ್ತಿದ್ದಳು, ಇವಳನ್ನೂ ಜೊತೆಗೆ ಸೇರಿಸಿಕೊಂಡಿದ್ದಳು. ಬಡಿಯುವುದು ಇವಳು, ಬೇಯಿಸುವುದು ಆ ಹೆಂಗಸು. ನನ್ನ ಮುಖ ಅವಳಿಗೆ ಗುರುತು ಹತ್ತಲಿಲ್ಲ. ಗಂಡ ಯಾರೆಂದು ಹೇಳಿದ ಮೇಲೆ, “ಶಾಲು ಹೊಚ್ಚಿದ್ರಲ್ಲ, ಆ ದವಾಖಾನಿಯವ್ರಾ” ಎಂದು ಮಣೆ ಸರಿಸಿದಳು. ಅಧ್ಯಯನ ನಿಂತುಹೋಯಿತೆಂದು ಹೇಳಿದೆ.

“ಮತ್ತ ಏನ್ ಗೊತ್ತಾತ್ರೀ ನಿಮಗ?” ಎಂದಳು. ನಾಲ್ಕು ವರ್ಷದಲ್ಲಿ ಒಬ್ಬ ರೋಗಿಯೂ ಈ ಪ್ರಶ್ನೆ ಕೇಳಿರಲಿಲ್ಲ. ಡಾಕ್ಟರುಗಳೂ ಕೇಳಿರಲಿಲ್ಲ.

“ಏನೂ ಗೊತ್ತಾಗ್ಲಿಲ್ಲ ಅಕ್ಕ.”

“ನನ್ನ ಬಗ್ಗೆ ಏನಂತ ಬರದಾರ?”

ಸುಳ್ಳು ಹೇಳಬಹುದಿತ್ತು. “ನೀವು ಮೊದಲು ಮಾಡ್ತಿದ್ದ ಕೆಲಸನೆಲ್ಲ ಈಗಲೂ ಮಾಡ್ತೀರಿ ಅಂತ” ಎಂದೆ.

ಅವಳ ಕೈ ನಿಂತಿತು. ಗಂಡ ತಲೆ ತಗ್ಗಿಸಿದ. ಫೋನಿನಲ್ಲಿ ತಾನಾಡಿದ ಮಾತು ಅವನಿಗೆ ನೆನಪಾಗಿರಬೇಕು. ಅವಳು ಒಲೆಯ ಮುಂದಿದ್ದ ಹೆಂಗಸಿನ ಕಡೆ ತಿರುಗಿ, “ಕೇಳಿದೇನ ಯವ್ವಾ? ನಾ ಮೊದಲಿನಂಗ ಆಗೀನಂತ. ದೊಡ್ಡ ದೊಡ್ಡವ್ರು ಬರದಾರಂತ” ಎಂದು ನಗತೊಡಗಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡು ಮತ್ತೆ ನಕ್ಕಳು. ಪಕ್ಕದ ಮನೆಯವಳು ನಗಲಿಲ್ಲ. ಹಂಚಿನ ಮೇಲಿನ ರೊಟ್ಟಿ ಮಗುಚಿ ಹಾಕಿ, “ಬರದವ್ರ ಕೈಗೆ ಬೆಂಕಿ ಹತ್ತಲಿ” ಎಂದಳು. ನಾನೂ ಎರಡು ವರ್ಷ ಹಾಗೆ ಬರೆದವಳೇ ಎಂದು ಅವರಿಗೆ ಹೇಳಿ, ಕ್ಷಮಿಸಿ ಎಂದೆ. ಗಂಡ ಎದ್ದು ಹೋಗಿ ಚಹಾ ತಂದ.