ನಾಲ್ಕು ದಿನ ಮುಚ್ಚಿಟ್ಟ ಮೇಲ್

ಕಳೆದ ತಿಂಗಳು ನಾನೊಂದು ಸುಳ್ಳು ಹೇಳಿ ಸಿಕ್ಕಿಬಿದ್ದೆ. ಅದೂ ಇಪ್ಪತ್ತಾರು ಜನ ಹೆಂಗಸರ ಮುಂದೆ, ಬೆಳಗಿನ ಟೀ ಹೊತ್ತಿನಲ್ಲಿ.

(ಬಾಯಿಬಿಟ್ಟು ಹೇಳಿದ ಸುಳ್ಳಲ್ಲ. ಹೇಳಬೇಕಾದ್ದನ್ನು ಹೇಳಲಿಲ್ಲ, ಅಷ್ಟೆ. ಎರಡಕ್ಕೂ ವ್ಯತ್ಯಾಸವಿದೆ ಅಂತ ನಾನು ವಾದ ಮಾಡಿದರೆ ನೀವು ಒಪ್ಪುತ್ತೀರಾ?)

ನಾನು ಬಿಡದಿ ಕಡೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಅನ್ನುವುದು ಈ ಅಂಕಣ ಓದುವವರಿಗೆ ಗೊತ್ತು. ಕಾರಿನ ದೀಪ, ಹಾರನ್, ವೈಪರ್‌ಗಳಿಗೆ ಹೋಗುವ ತಂತಿಗಳನ್ನೆಲ್ಲ ಒಂದು ಬೋರ್ಡಿನ ಮೇಲೆ ಹರಡಿ, ಸೇರಿಸಿ ಕಂತೆ ಕಟ್ಟಿಕೊಡುವುದು ನಮ್ಮ ಕೆಲಸ. ಹೊಸ ಲೈನ್ ಹಾಕಿದ್ದೆವು. ಚನ್ನಪಟ್ಟಣ, ರಾಮನಗರದ ಸುತ್ತಲಿನ ಇಪ್ಪತ್ತಾರು ಹೆಂಗಸರು ಸೇರಿದ್ದರು. ಹನ್ನೆರಡು ವಾರಗಳ ಟ್ರೇನಿಂಗ್, ಕೊನೆಗೆ ಟ್ರಯಲ್. ಕಾರು ಕಂಪನಿಯವರು ಬಂದು ಪಾಸ್ ಮಾಡಿದರೆ ಲೈನ್ ಓಡುತ್ತದೆ. ಇಲ್ಲವಾದರೆ ಆರ್ಡರ್ ಬೇರೆಯವರಿಗೆ, ಇವರೆಲ್ಲ ಮನೆಗೆ.

ನನ್ನ ಪ್ಲಾನ್ ಬಣ್ಣಬಣ್ಣದ ಗೆರೆಗಳಲ್ಲಿ ಗೋಡೆ ತುಂಬ ಅಂಟಿತ್ತು. ಅದನ್ನು ನೋಡಿದರೆ ನನಗೇ ಹೆಮ್ಮೆ.

ಟ್ರಯಲ್‌ಗೆ ಇನ್ನು ಮೂರೇ ವಾರ ಇದ್ದಾಗ, ಒಂದು ಸೋಮವಾರ ಬೆಳಿಗ್ಗೆ ಕಾರು ಕಂಪನಿಯಿಂದ ಮೇಲ್ ಬಂತು. ಮಾರ್ಕೆಟ್ ಬದಲಾಗಿದೆಯಂತೆ. ಹಳೆ ಮಾಡೆಲ್ ಬೇಡ, ಹೊಸದು ಮಾಡಿ. ಡ್ರಾಯಿಂಗ್ ಬೇರೆ, ತಂತಿ ತುದಿಗೆ ಹಾಕುವ ಕನೆಕ್ಟರ್ ಬೇರೆ. ಟ್ರಯಲ್ ತಾರೀಖು ಮಾತ್ರ ಅದೇ!

ನಾನೇನು ಮಾಡಿದೆ? ಮೇಲ್ ಮುಚ್ಚಿದೆ. ಹೋಗಿ ಟೀ ಕುಡಿದೆ. ಬಂದು ಮತ್ತೆ ತೆರೆದೆ. ಒಂದಕ್ಷರವೂ ಬದಲಾಗಿರಲಿಲ್ಲ.

ಮೊದಲು ಹೊಸ ಪ್ಲಾನ್ ಮಾಡೋಣ, ಆಮೇಲೆ ಲೈನ್‌ಗೆ ಹೇಳೋಣ ಅಂದುಕೊಂಡೆ. ಈಗಲೇ ಹೇಳಿದರೆ ಗಾಬರಿಯಾಗುತ್ತಾರೆ, ಅರ್ಧ ಜನ ಕೆಲಸ ಬಿಡುತ್ತಾರೆ ಅಂತ ಭಯ. ಮಂಗಳವಾರ ಮೂರು ಮೀಟಿಂಗ್. ಬುಧವಾರ ನಾಲ್ಕು. ಕೂತರೆ ನಿಲ್ಲಬೇಕು ಅನ್ನಿಸುತ್ತಿತ್ತು, ನಿಂತರೆ ಯಾರಿಗಾದರೂ ಫೋನ್ ಮಾಡಬೇಕು ಅನ್ನಿಸುತ್ತಿತ್ತು. ಅತ್ತ ಶಾಪ್ ಫ್ಲೋರಿನಲ್ಲಿ ಅವರೆಲ್ಲ ಯಾರಿಗೂ ಬೇಡವಾದ ಮಾಡೆಲನ್ನೇ ದಿನದಿನಕ್ಕೆ ಇನ್ನಷ್ಟು ಚೆನ್ನಾಗಿ ಕಟ್ಟುತ್ತಿದ್ದರು.

ಬುಧವಾರ ಹೊಂಗನೂರಿನ ಶೋಭಾ ಒಂದು ಕಂತೆಯನ್ನು ಹತ್ತೊಂಬತ್ತು ನಿಮಿಷದಲ್ಲಿ ಮುಗಿಸಿದಳು. ಅಲ್ಲಿಯವರೆಗೆ ಯಾರೂ ಇಪ್ಪತ್ತೆರಡಕ್ಕಿಂತ ಕೆಳಗೆ ಇಳಿದಿರಲಿಲ್ಲ. ನಾನು ಎಲ್ಲರನ್ನೂ ನಿಲ್ಲಿಸಿ ಚಪ್ಪಾಳೆ ತಟ್ಟಿಸಿದೆ.

ಗುರುವಾರ ಟೀ ಹೊತ್ತಿಗೆ ಜಯಮ್ಮ ಎದುರು ಬಂದು ನಿಂತರು. ಲೈನ್‌ನಲ್ಲಿ ಎಲ್ಲರಿಗಿಂತ ಹಿರಿಯರು. ರಾಮನಗರದಲ್ಲಿ ಇಪ್ಪತ್ತು ವರ್ಷ ರೇಷ್ಮೆ ನೂಲು ತೆಗೆದವರು. ಕೈಯಲ್ಲೊಂದು ಬಿಳಿ ಕನೆಕ್ಟರ್ ಇತ್ತು.

"ಸಾ, ಸ್ಟೋರಿಗೆ ಹೊಸಾ ಡಬ್ಬ ಬಂದೈತೆ. ಇದು ನಮ್ ಬೋರ್ಡ್‌ಗೆ ಕೂರಾಕಿಲ್ಲ. ಯಾರ್‌ದು ಇದು?"

"ನಮ್ಮದೇ ಜಯಮ್ಮ. ಮಾಡೆಲ್ ಬದಲಾಗಿದೆ."

"ಯಾವಾಗ?"

"ಸೋಮವಾರ."

"ಇವತ್ತು ಗುರುವಾರ ಸಾ."

ಹಿಂದಿನಿಂದ ಶೋಭಾ ಕೇಳಿದಳು, "ಹಂಗಾರೆ ನೆನ್ನೆ ನಂಗ್ಯಾಕೆ ಸಾ ಚಪ್ಪಾಳೆ ತಟ್ಸುದ್ರಿ?"

"ನೀವೆಲ್ಲ ಗಾಬರಿಯಾಗ್ತೀರಾ ಅಂತ..." ಅಂದೆ.

"ಗಾಬರಿ ಆಗಿದ್ದು ನಾವಲ್ಲ ಬುಡಿ ಸಾ," ಅಂದರು ಜಯಮ್ಮ. "ನೀವು."

ಬೈದು ಹೋಗುತ್ತಾರೆ ಅಂದುಕೊಂಡೆ. ಹೋಗಲಿಲ್ಲ. ಡ್ರಾಯಿಂಗ್ ತೋರಿಸಿ ಅಂದರು. ಬಹಳ ಹೊತ್ತು ಬೆರಳಿಟ್ಟು ನೋಡಿದರು.

"ರೇಷ್ಮೆ ಗೂಡು ದಿನಾ ಒಂದೇ ತರ ಬತ್ತದಾ ಸಾ? ನೆನ್ನೇದ್ ತರ ಇವತ್ತು ಇರಾಕಿಲ್ಲ. ಮೊದ್ಲು ಒಂದ್ ಹಿಡಿ ಗೂಡು ಬಿಸಿನೀರಿಗ್ ಹಾಕಿ ಎಳೆ ತೆಗ್ದು ನೋಡ್ತೀವಿ. ಸಲೀಸಾಗಿ ಬಂದ್ರೆ ಸರಿ. ಕಿತ್ಕತಾ ಇದ್ರೆ ನೀರಿನ ಬಿಸಿ ಒಸಿ ಹೆಚ್ಚುಕಮ್ಮಿ ಮಾಡ್ತೀವಿ. ಆಮೇಲೇ ಮಿಕ್ಕಿದ್ದು. ಇದ್ನೂ ಹಂಗೇ ಮಾಡನ. ಒಂದೇ ಬೋರ್ಡ್ ಮಾಡ್ಸಿ. ನಾವ್ ನಾಕ್ ಜನ ಕಟ್ ನೋಡ್ತೀವಿ. ಎಲ್ಲಿ ತಪ್ತದೆ ಅಂತ ತಿಳ್ಕಂಡು ಉಳಿದೋರ್‌ಗೆ ಯೋಳ್ಕೊಡ್ತೀವಿ."

ಬದಲಾಗುವ ವ್ಯಾಪಾರಕ್ಕೆ ತಕ್ಕಂತೆ ಪ್ರಾಜೆಕ್ಟ್ ನಡೆಸುವುದು ಹೇಗೆ ಅಂತ ಬೆಂಗಳೂರಿನ ಹೋಟೆಲೊಂದರಲ್ಲಿ ಎರಡು ದಿನ ಟ್ರೇನಿಂಗ್ ಮುಗಿಸಿ ಬಂದವನು ನಾನು. (ಊಟ ಚೆನ್ನಾಗಿತ್ತು.) ನೂರೈವತ್ತು ಸ್ಲೈಡ್ ತೋರಿಸಿದ್ದರು. ಈ ಮಾತು ಯಾವುದರಲ್ಲೂ ಇರಲಿಲ್ಲ.

ಅವತ್ತೇ ಬೋರ್ಡ್ ತಯಾರಾಯಿತು. ಗೋಡೆಯ ಗೆರೆಗಳನ್ನು ಬಿಟ್ಟು ಪ್ರತಿದಿನ ಬೆಳಿಗ್ಗೆ ಹತ್ತು ನಿಮಿಷ ನಿಂತುಕೊಂಡೇ ಮಾತಾಡತೊಡಗಿದೆವು. ನಿನ್ನೆ ಎಲ್ಲಿ ತಪ್ಪಿತು, ಇವತ್ತು ಏನು. ಅಷ್ಟೇ ಪ್ಲಾನ್.

ಆದರೆ ಶುಕ್ರವಾರ ಶೋಭಾ ಬರಲಿಲ್ಲ. ಶನಿವಾರವೂ ಇಲ್ಲ.

ಭಾನುವಾರ ಚನ್ನಪಟ್ಟಣಕ್ಕೆ ಹೋಗಿ ಹೊಂಗನೂರಿನ ಬಸ್ ಹತ್ತಿದೆ. ಯಾಕೆ ಹೋಗುತ್ತಿದ್ದೇನೆ ಅಂತ ದಾರಿಯುದ್ದಕ್ಕೂ ನನ್ನನ್ನೇ ಕೇಳಿಕೊಂಡೆ. ಒಳ್ಳೆಯ ಕೆಲಸಗಾತಿ ಕೈತಪ್ಪಿಹೋಗುತ್ತಾಳೆ ಅಂತಲೋ, ತಪ್ಪು ಮಾಡಿದ್ದೇನೆ ಅಂತಲೋ? ಎರಡು ಸಲ ಇಳಿದು ವಾಪಸ್ ಹೋಗೋಣ ಅನ್ನಿಸಿತು.

ಶೋಭಾಳ ಅತ್ತೆ ರೇಷ್ಮೆ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದರು. ಶೋಭಾ ಬಾಗಿಲ ಹತ್ತಿರ ನಿಂತಳು. ಕೂತ್ಕೊಳ್ಳಿ ಅನ್ನಲಿಲ್ಲ.

"ಮನೇಲಿ ಜಗಳ ಮಾಡ್ಕಂಡು ಕೆಲಸಕ್ ಸೇರ್ದೆ ಸಾ. ದಿನಾ ಬಂದು ನಮ್ಮತ್ತೆಗೆ ನಿಮಿಷ ಯೋಳ್ತಿದ್ದೆ. ಇವತ್ತು ಇಪ್ಪತ್ತೆರಡು, ಇವತ್ತು ಹತ್ತೊಂಬತ್ತು ಅಂತ. ನಮ್ಮತ್ತೇನೂ ಖುಷಿ ಪಟ್ಟಿದ್ರು. ಎಲ್ಲಾ ಸುಳ್ ಮಾಡ್ಬುಟ್ರಲ್ಲ."

"ತಪ್ಪಾಯ್ತು ಶೋಭಾ" ಅಂದೆ.

ಹದಿನೆಂಟು ವರ್ಷದ ನೌಕರಿಯಲ್ಲಿ ಕೈಕೆಳಗಿನವರಿಗೆ ಆ ಮಾತು ಹೇಳಿದ್ದು ಅದೇ ಮೊದಲು.

"ಇನ್ನೊಂದ್ ಸಲ ಬದಲಾದ್ರೆ?"

"ಅವತ್ತೇ ಹೇಳ್ತೀನಿ."

ಅವಳು ಅತ್ತೆಯ ಕಡೆ ನೋಡಿದಳು. ಅತ್ತೆಯೇ ಸೊಪ್ಪಿನಿಂದ ತಲೆಯೆತ್ತಿ, "ಮನೆ ಗಂಟ ಬಂದವ್ರೆ. ಓಗವ್ವ" ಅಂದರು.

ಸೋಮವಾರ ಬಂದಳು.

ಟ್ರಯಲ್ ದಿನ ಐದು ಕಂತೆ ಕೊಟ್ಟೆವು. ನಾಲ್ಕು ಪಾಸ್. ಐದನೆಯದರಲ್ಲಿ ಒಂದು ತಂತಿ ಕನೆಕ್ಟರಿನ ಪಕ್ಕದ ತೂತಿಗೆ ಹೋಗಿತ್ತು. ಬಂದಿದ್ದ ಅಧಿಕಾರಿ ಹುಬ್ಬು ಗಂಟಿಕ್ಕಿ ಒಂದು ವಾರ ಟೈಮ್ ಕೊಟ್ಟರು. ಆ ವಾರ ನನ್ನ ಬಾಸ್ ನನ್ನ ಮುಖ ನೋಡಲಿಲ್ಲ. ಮುಂದಿನ ಸಲ ಐದೂ ಪಾಸಾದವು. ಮೇಲ್ ಬಂದ ಸೋಮವಾರವೇ ಶುರು ಮಾಡಿದ್ದರೆ ಆ ವಾರ ಬೇಕಾಗುತ್ತಿತ್ತಾ? ಈ ಪ್ರಶ್ನೆ ಬಾಸ್ ನನ್ನನ್ನು ಕೇಳಿಲ್ಲ. ನಾನು ಕೇಳಿಕೊಳ್ಳುತ್ತಲೇ ಇದ್ದೇನೆ.

ಇಲ್ಲಿಗೆ ಎಲ್ಲ ಸುಖವಾಯಿತು ಅಂತ ಬರೆದು ಪೆನ್ನು ಮುಚ್ಚಬಹುದಿತ್ತು. ಆಗಲಿಲ್ಲ. ಹೊಸ ಮಾಡೆಲಿನಲ್ಲಿ ತಂತಿ ಕಡಿಮೆ. ಲೈನ್‌ಗೆ ಇಪ್ಪತ್ತೆರಡು ಜನ ಸಾಕು ಅಂತ ಮೊನ್ನೆ ಮೇಲಿನವರು ತೀರ್ಮಾನಿಸಿದರು.

ಈ ಸಲ ಅರ್ಧ ಗಂಟೆಯೊಳಗೆ ಹೋಗಿ ಹೇಳಿದೆ. ನಾಲ್ವರು ಪ್ಯಾಕಿಂಗ್‌ಗೆ ಹೋಗಬೇಕು, ಅಲ್ಲಿ ಕೆಲಸ ಎಷ್ಟು ದಿನ ಇರುತ್ತದೋ ನನಗೂ ಗೊತ್ತಿಲ್ಲ ಅಂದೆ. ಯಾರೂ ಖುಷಿಪಡಲಿಲ್ಲ. ಒಬ್ಬಾಕೆ ಅತ್ತಳು. ಆದರೆ ನಾಲ್ವರಲ್ಲಿ ಇಬ್ಬರು ಅವತ್ತೇ ಬೇರೆ ಕಾರ್ಖಾನೆಯಲ್ಲಿ ವಿಚಾರಿಸಿ ಬಂದರು. ಅಷ್ಟು ಸಮಯವಾದರೂ ಅವರಿಗೆ ಸಿಕ್ಕಿತು.

ನಮ್ಮ ಕಾರ್ಖಾನೆ ಮುಂದಿನ ಹೆದ್ದಾರಿಯ ಎರಡೂ ಕಡೆ ತಿಂಗಳಿಗೊಂದು ಹೊಸ ಕಾರ್ಖಾನೆಯ ಶೆಡ್ ಏಳುತ್ತಿದೆ. ಎಲ್ಲದರೊಳಗೂ ನನ್ನಂಥ ಒಬ್ಬ ಮ್ಯಾನೇಜರ್, ಅವನಿಗೊಂದು ಕಂಪ್ಯೂಟರ್. ಮಾರ್ಕೆಟ್ ಬದಲಾದ ಸುದ್ದಿ ಅಲ್ಲಿಗೆ ಒಂದೇ ಕ್ಷಣದಲ್ಲಿ ಬಂದು ತಲುಪುತ್ತದೆ.

ಅಲ್ಲಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಕೆಲಸ ಮಾಡುವವರಿಗೆ ತಲುಪಲು ಯಾಕೆ ನಾಲ್ಕು ದಿನ ಬೇಕು?